ನಾಕು ಮಾರು ಆಕಡೆ ಈಕಡೆ

ನನ್ನ ಮನೆ ಬಾದಾಮಿ ಕಡೆಗೆ ಸರಿಯುತ್ತಿದೆ ಎಂದು ಹೇಳಲು ಜೀಪು ಮಾಡಿಕೊಂಡು ಬಂದ ಹೆಣ್ಣುಮಗಳು ಅವರು. ಮೈಮೇಲೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಬಾಗಿಲಲ್ಲಿ ನಿಂತು, ಕನ್ನಡಕ ತೆಗೆದು, ಮೊದಲು ಆಕಾಶ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ದೊಡ್ಡವ್ವಾ, ಸಿಟ್ಟಾಗಬ್ಯಾಡ್ರಿ. ಮಧ್ಯಾಹ್ನ ಆತಂದ್ರ ನಿಮ್ಮನಿ ಬಾದಾಮಿ ಕಡೆ ಎರಡು ಬೆರಳು ಸರೀತೈತಿ. ಸಂಜಿಕ ತಿರುಗಿ ಬಂದು ತನ್ನ ಜಾಗಾದಾಗ ಕುಂದರತೈತಿ."

"ಇಡೀ ಊರು ಎತ್ತಿ ಇಲ್ಲಿ ತಂದು ಇಟ್ಟಾರ. ಇನ್ನೂ ಎಲ್ಲಿಗೆ ಸರೀಬೇಕಂತ? ನಾ ಮಾತ್ರ ಎಲ್ಲೂ ಹೋಗಾಕಿ ಅಲ್ಲ, ಮನಿಗೆ ಹೇಳ್ರಿ," ಎಂದೆ.

"ಎರಡು ಬೆರಳು ಅಂದೆನಲ್ಲ, ಅದೂ ಅರ್ಧ ಬೆರಳು ಆಕಡೆ ಈಕಡೆ ಆಗಬಹುದು," ಎಂದರು. ಹೆಬ್ಬೆರಳು, ಕಿರುಬೆರಳು ಚಾಚಿ ಅಂಗೈಯನ್ನು ತಕ್ಕಡಿಯ ಹಾಗೆ ತೂಗಿ ತೋರಿಸಿದರು. ಆ ಕೈಸನ್ನೆಯನ್ನು ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಮ್ಮದು ಎತ್ತಿಟ್ಟ ಊರು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿತು. ಈ ಹೊಸ ಊರು ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯ ಮಗ್ಗುಲಿಗೆ, ದಿನ್ನೆಯ ಮೇಲಿದೆ. ಗಿಡ ಕಡಿಮೆ, ಆಕಾಶ ಬೇಕಾದಷ್ಟು. ವಿಶ್ವವಿದ್ಯಾಲಯದ ಉಪಗ್ರಹ ಪ್ರಯೋಗಾಲಯದವರಿಗೆ ಬೇಕಾಗಿದ್ದದ್ದು ಅದೇ ಆಕಾಶ. ಅವರ ಕಡೆಯ ಹುಡುಗರು ಬಂದು ನನ್ನ ಮನೆಯ ಸ್ಲ್ಯಾಬಿನ ಮೇಲೆ ಒಂದು ಕಬ್ಬಿಣದ ಕಂಬ ನೆಟ್ಟು, ಅದರ ತಲೆಗೆ ಗಡಿಗೆಯ ಮುಚ್ಚಳದಂಥ ಬಿಳಿಯ ಸಾಮಾನು ಕೂಡಿಸಿ ಹೋಗಿದ್ದರು. ಮೇಲೆ ತಿರುಗುವ ಉಪಗ್ರಹಗಳ ಮಾತು ಕೇಳಿಸಿಕೊಂಡು ತಾನು ನಿಂತ ಜಾಗ ಯಾವುದೆಂದು ಹೇಳುವುದು ಅದರ ಕೆಲಸ. ಅದು ಜಾಗ ಬಿಟ್ಟು ಕದಲದಿದ್ದರೆ ಮಾತ್ರ ಅವರು ಹೊಲ, ಕೆರೆ, ನದಿ ಅಳೆಯಲು ಒಯ್ಯುವ ಯಂತ್ರಗಳ ಲೆಕ್ಕ ಸರಿ ಬರುತ್ತದೆ. ಇಂಥದ್ದೇ ಕಂಬ ಬಾದಾಮಿಯಲ್ಲೊಂದು, ಹುನಗುಂದದಲ್ಲೊಂದು. ಅವೆರಡೂ ತೆಪ್ಪಗೆ ನಿಂತಿದ್ದವು. ನನ್ನದು ಮಾತ್ರ ದಿನಾ ಮಧ್ಯಾಹ್ನ ತಿರುಗಾಡಲು ಹೋಗುತ್ತಿತ್ತು.

ಪ್ರಯೋಗಾಲಯದ ಆ ಹೆಣ್ಣುಮಗಳನ್ನು ನಾನು ಅಕ್ಕೋರು ಎಂದೇ ಕರೆದೆ. ಅಕ್ಕೋರು ಮೇಲೆ ಹತ್ತಿದರು. ಅವರ ಹಿಂದೆ ಜೀಪಿನ ಡ್ರೈವರ್ ಮಾಬುಸಾಬ, ಅವನ ಹಿಂದೆ ನಾನು. ಬೇಸಗೆಯ ದಿನ. ಮದುವೆ ಮನೆಗಳಿಗೆ ಸಂಡಿಗೆ ಮಾಡಿಕೊಡುವುದು ನನ್ನ ಕಸಬು, ಸ್ಲ್ಯಾಬಿನ ತುಂಬ ಸಂಡಿಗೆ ಹರವಿದ್ದೆ. ಕಂಬದ ಪಕ್ಕಕ್ಕೆ ಆಳೆತ್ತರದ ತಗಡು ನಿಲ್ಲಿಸಿದ್ದೆ. ಹಳೆಯ ಊರಿನ ದನದ ಕೊಟ್ಟಿಗೆಯ ತಗಡು ಅದು. ಬಿಸಿಲು ಅದಕ್ಕೆ ಬಡಿದು ಸಂಡಿಗೆಯ ಮೇಲೆ ಬೀಳಲೆಂದು ಓರೆಯಾಗಿ ಇಡುತ್ತಿದ್ದೆ, ಹೊತ್ತು ಸರಿದ ಹಾಗೆ ತಿರುಗಿಸುತ್ತಿದ್ದೆ. ಹಾಗೆ ಮಾಡಿದರೆ ಎರಡು ದಿನದ ಒಣಗು ಒಂದೇ ದಿನಕ್ಕೆ ಮುಗಿಯುತ್ತದೆ.

ಅಕ್ಕೋರು ತಗಡು ನೋಡಿದರು. ಕಂಬ ನೋಡಿದರು. ಆಮೇಲೆ ಸಂಡಿಗೆಯ ನಡುವೆ ಜಾಗ ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತು ನಗಲು ಹಿಡಿದರು.

"ಏನ್ ಮೇಡಂ, ಇಷ್ಟು ದಿನ ಊಟಾ ಬಿಟ್ಟು ಕಂಪ್ಯೂಟರ್ ಮುಂದ ಕುಂತಿದ್ದು ಸಂಡಗಿ ಸಲುವಾಗೇನು?" ಎಂದ ಮಾಬುಸಾಬ.

ನನಗೆ ತಿಳಿಯಲಿಲ್ಲ, ಕೇಳಿದೆ. ಅವರು ಬಿಡಿಸಿ ಹೇಳಿದರು. "ದೊಡ್ಡವ್ವಾ, ಹುನಗುಂದದಿಂದ ಬಸ್ಸು ಬಿಟ್ಟ ಟೈಮ್ ನಿಮಗ ಗೊತ್ತೈತಿ ಅಂತ ಇಟ್ಕೋರಿ. ಇಲ್ಲಿ ಬಂದು ಮುಟ್ಟಿದ ಟೈಮೂ ಗೊತ್ತೈತಿ. ಹಂಗಾರ ಹುನಗುಂದ ಎಷ್ಟು ದೂರ ಐತಿ ಅಂತ ಹೇಳಬಹುದಲ್ಲ?"

"ಹೇಳಬಹುದು."

"ಹಂಗ ಬಾದಾಮಿ ಬಸ್ಸು, ಇಳಕಲ್ ಬಸ್ಸು. ಮೂರೂ ಊರಿಂದ ಎಷ್ಟೆಷ್ಟು ದೂರ ಅದೀರಿ ಅಂತ ಗೊತ್ತಾದ್ರ ನೀವು ನಿಂತ ಜಾಗಾ ಸಿಕ್ಕಂಗ. ಮ್ಯಾಲಿನವೂ ಹಂಗ. ತಾವು ಬಿಟ್ಟ ಟೈಮ್ ಒದರಿ ಹೇಳತಾವ. ನಿಮ್ಮ ತಗಡಿಗೆ ಬಡದು ಬಂದ ಮಾತು ಸುತ್ತು ಹಾಕಿ ಬಂದ ಬಸ್ಸಿದ್ದಂಗ. ತಡಾ ಆತು. ತಡಾ ಆದ್ರ, ನಾ ದೂರ ಅದೇನಿ ಅಂತ ತಿಳಕೋತೈತಿ ಯಂತ್ರ."

"ನಮ್ಮ ಬಸ್ಸು ಯಾವತ್ತರ ಹೊತ್ತಿಗೆ ಸರಿಯಾಗಿ ಬಿಟ್ಟಾವೇನ್ರಿ? ಅವನ್ನ ನಂಬಿದ್ರ ನಮ್ಮೂರು ಸೊಲ್ಲಾಪುರದಾಗ ಇರತೈತಿ."

ಅದಕ್ಕೂ ನಕ್ಕರು. "ಖರೆ. ಮ್ಯಾಲಿನವು ನಮ್ಮ ಬಸ್ಸಿನಂಥವಲ್ಲ. ಆದ್ರ ಅವೂ ಒಂದೀಟು ತಪ್ಪತಾವ."

ತಗಡು ಮೆಟ್ಟಿಲ ಗೋಡೆಯ ಹಿಂದಕ್ಕೆ ಹೋಯಿತು. ಮನೆ ಸರಿಯುವುದು ನಿಂತಿತು. ಸಂಡಿಗೆ ಒಣಗಲು ತಡವಾಯಿತೆಂದು ಆ ಬೇಸಗೆಯೆಲ್ಲ ನಾನು ಅವರನ್ನು ಬೈದೆ. ಅವರು ಬಂದಾಗಲೆಲ್ಲ ಬೈಸಿಕೊಂಡು, ಒಂದು ಡಬ್ಬಿ ಸಂಡಿಗೆ ಕೊಂಡುಕೊಂಡು ಹೋದರು.

ಪ್ರಯೋಗಾಲಯದವರು ಅವರ ನೆನಪಿಗೆ ಪುಸ್ತಕ ತರುತ್ತಾರಂತೆ. ನೀನೂ ಬರೆ ಎಂದು ಮಾಬುಸಾಬ ಹೇಳಿಹೋಗಿದ್ದಾನೆ. ಹೊಗಳಿ ಬರೆಯುವವರು ಬಹಳ ಮಂದಿ ಇದ್ದಾರೆ, ಆ ಕೆಲಸ ಅವರಿಗಿರಲಿ. ಅಕ್ಕೋರಿಗೆ ಹೆಸರು ಹಾಕಿಸಿಕೊಳ್ಳುವುದು ಸೇರುತ್ತಿರಲಿಲ್ಲ, ಹಾಗಾಗಿ ನಾನು ಹೆಸರು ಬರೆಯುವುದಿಲ್ಲ. ನಾನು ಕಂಡದ್ದು ಹೇಳುತ್ತೇನೆ.

ಅವರು ಯಾವ ಮಾತನ್ನೂ ಪೂರ್ತಿ ಹೇಳುತ್ತಿರಲಿಲ್ಲ, ಬಾಲಕ್ಕೊಂದು ಆಕಡೆ ಈಕಡೆ ಇದ್ದೇ ಇರುತ್ತಿತ್ತು. "ಹನ್ನೊಂದಕ್ಕ ಬರ್ತೇನಿ, ಅರ್ಧ ತಾಸು ಆಕಡೆ ಈಕಡೆ." ಪಲ್ಯಕ್ಕೆ ಉಪ್ಪು ಸರಿಯಿದೆಯೇ ಎಂದರೆ, "ಸರಿ ಐತಿ, ಒಂದು ಚಿಟಿಕಿ ಆಕಡೆ ಈಕಡೆ." ಒಂದು ದಿನ ವಯಸ್ಸು ಕೇಳಿದೆ. ಹೇಳಿದರು. "ಇದಕ್ಕ ಆಕಡೆ ಈಕಡೆ ಇಲ್ಲೇನ್ರಿ?" ಎಂದೆ. "ಸಾಲ್ಯಾಗ ಮಾಸ್ತರು ತಾವ ಬರದ ವಯಸ್ಸು ದೊಡ್ಡವ್ವಾ. ಒಂದು ವರ್ಷ ಆಕಡೆ ಈಕಡೆ," ಎಂದರು. ಮದುವೆ ಆಗಿರಲಿಲ್ಲ. ಅದನ್ನೂ ಕೇಳಿದೆ. "ಆಗಲಿಲ್ಲ" ಎಂದರು. ಮುಂದೆ ಕೇಳಲಿಲ್ಲ, ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು.

ಈ ಚಟ ಎಲ್ಲಿಂದ ಬಂತು ಎಂದದ್ದಕ್ಕೆ ತಮ್ಮ ತಂದೆಯ ಮಾತು ತೆಗೆದರು. ಗುಳೇದಗುಡ್ಡದಲ್ಲಿ ಅವರ ಮನೆಯೊಳಗೇ ಮಗ್ಗ. ತಂದೆ ಖಣ ನೇಯುತ್ತಿದ್ದರಂತೆ. "ಯಾವಾಗ ಕೊಡತಿ ಅಂತ ಗಿರಾಕಿ ಕೇಳಿದ್ರ ನಮ್ಮಪ್ಪ ಸೋಮವಾರ ಅಂತಿದ್ದ. ಯಾವ ಸೋಮವಾರನೂ ಕೊಟ್ಟವನಲ್ಲ. ಬಾಗಲಕ್ಕ ಬಂದ ಗಿರಾಕಿಗೆ, ಅಪ್ಪ ಮನ್ಯಾಗ ಇಲ್ಲ ಅಂತ ಹೇಳೂ ಕೆಲಸ ನಂದು. ಒಳಗ ಮಗ್ಗ ಖಟಕ್ ಖಟಕ್ ಅಂತಿತ್ತು, ಹೊರಗ ನಾ ಅಪ್ಪ ಇಲ್ಲ ಅಂತಿದ್ದೆ. ಸೋಮವಾರ, ಎರಡು ದಿನ ಆಕಡೆ ಈಕಡೆ ಅಂದಿದ್ರ ಯಾರ ಗಂಟು ಹೋಗತಿತ್ತು?"

ಅವರಲ್ಲಿ ಕುಂದಿರಲಿಲ್ಲ ಎಂದಲ್ಲ. ಯಾರನ್ನೂ ಹೊಗಳುತ್ತಿರಲಿಲ್ಲ. ಕಲಿಯುವ ಹುಡುಗರು ಹಗಲೆಲ್ಲ ಬಿಸಿಲಲ್ಲಿ ಅಳೆದು ತಂದದ್ದನ್ನು ನೋಡಿ, "ಇನ್ನೊಮ್ಮೆ" ಎಂದಷ್ಟೇ ಹೇಳಿ ಕಳಿಸುತ್ತಿದ್ದರು. ಮಾಬುಸಾಬನ ಮಗಳ ಮದುವೆಗೆ ಬರಲಿಲ್ಲ. ಬರುತ್ತೇನೆ ಎಂದೂ ಹೇಳಿರಲಿಲ್ಲ, ಅದೊಂದು ಪುಣ್ಯ. ಊಟಕ್ಕೆ ಕೂತರೆ ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ನಾನು ಪಾತ್ರೆ ತಿಕ್ಕಿ ಮುಗಿಸಿರುತ್ತಿದ್ದೆ.

ಮಲಪ್ರಭೆಗೆ ನೀರು ಬಿಟ್ಟ ಒಂದು ಮಳೆಗಾಲದಲ್ಲಿ ಅವರು ಹೊಳೆ ದಂಡೆಯ ಊರೊಂದಕ್ಕೆ ಹೋದ ಸಂಗತಿ ಮಾಬುಸಾಬ ಹೇಳಿದ್ದು. ಮೇಲಿನಿಂದ ತೆಗೆದ ಚಿತ್ರ ಇಟ್ಟುಕೊಂಡು ಊರಿನ ನಕ್ಷೆ ಮಾಡಿದ್ದರು. ಮುಳುಗುವ ಮನೆಗಳಿಗೆ ಕೆಂಪು ಬಣ್ಣ, ಉಳಿಯುವ ಮನೆಗಳಿಗೆ ಹಸಿರು. ನಡುವೆ ಒಂದು ಓಣಿಗೆ ಹಳದಿ. ಆ ಓಣಿಯ ಗೌಡ ಅಡ್ಡ ನಿಂತ.

"ಅಕ್ಕಾರ, ನಮ್ಮ ಓಣಿಗೆ ನೀರು ಬರತೈತೋ ಇಲ್ಲೋ, ಒಂದು ಮಾತು ಹೇಳ್ರಿ."

"ಗೊತ್ತಿಲ್ರಿ ಗೌಡ್ರ. ಒಂದು ಓಣಿ ಆಕಡೆ ಈಕಡೆ."

"ಇಷ್ಟು ಓದಿ ಗೊತ್ತಿಲ್ಲ ಅಂತೀರಲ್ಲ, ನಾಚಿಕಿ ಬರೂದಿಲ್ಲೇನ್ರಿ?"

"ಓದಿದ್ದಕ್ಕ ಗೊತ್ತಿಲ್ಲ ಅನ್ನಾಕತ್ತೇನಿ. ಗೊತ್ತಿಲ್ಲಂದ ಮ್ಯಾಲೆ ಯಾಕ ಕುಂತೀರಿ? ದನಾ ಬಿಚ್ಚಿಕೊಂಡು ದಿನ್ನಿ ಏರ್ರಿ."

ಗೌಡ ಬೈಯುತ್ತಲೇ ದಿನ್ನೆ ಏರಿದ. ನೀರು ಅವನ ಮನೆಯ ಹೊಸ್ತಿಲ ತನಕ ಬಂದು ನಿಂತಿತು. ಇಳಿದ ಮೇಲೆ, ಸುಮ್ಮನೆ ಎಬ್ಬಿಸಿದಿರಿ ಎಂದು ಜಗಳಕ್ಕೆ ಬಂದನಂತೆ. ಅಕ್ಕೋರು ಅವನ ಹೊಸ್ತಿಲಿನ ಕೆಸರು ನೋಡಿ, ಅಂಗೈ ತೂಗಿ, ಅವನ ಮನೆಯದೇ ಚಾ ಕುಡಿದು ಬಂದರಂತೆ. ಪ್ರಯೋಗಾಲಯದ ಆ ನಕ್ಷೆಗೆ ಆಮೇಲೆ ದೊಡ್ಡ ಬಹುಮಾನ ಬಂತು.

ಈಗ ನನ್ನ ಗಂಡನ ಮಾತು. ಅವನು ಊರು ಮುಳುಗುವ ಮುಂಚೆಯೇ ಸತ್ತ. ನಮ್ಮ ಪದ್ಧತಿಯಂತೆ ನಮ್ಮ ಹೊಲದಲ್ಲೇ, ಅವನ ತಾಯಿಯ ಮಗ್ಗುಲಿಗೆ ಮಣ್ಣು ಕೊಟ್ಟೆವು. ಊರು ಬಿಡುವಾಗ ಜನರೆಲ್ಲ ತಮ್ಮ ಹಿರಿಯರ ಗದ್ದುಗೆಯಿಂದ ಒಂದು ಹಿಡಿ ಮಣ್ಣು ತಂದು ಹೊಸ ಊರಿನ ರುದ್ರಭೂಮಿಯಲ್ಲಿ ಇಟ್ಟರು. ನೀರು ಇಂಥ ದಿನ ಬರುತ್ತದೆ ಎಂದು ಹೇಳಿದ್ದರು, ಅದಕ್ಕಿಂತ ಮುಂಚೆ ಬಂತು. ನಾನು ಬಾಗಿಲು, ತೊಲೆ, ಬೀಸುಕಲ್ಲು ಗಾಡಿಗೆ ಹೇರುತ್ತಿದ್ದೆ. ಮಣ್ಣು ಯಾಕೆ ತರಲಿಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಬಾಗಿಲು ತಂದೆ. ಬಾಗಿಲಿಲ್ಲದ ಮನೆಯಲ್ಲಿ ಮಕ್ಕಳನ್ನು ಮಲಗಿಸಲು ಬರುವುದಿಲ್ಲ.

ಬೇಸಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಹಳೆಯ ಭೂಮಿ ಕಾಣಿಸುತ್ತದೆ. ಕಂಡು ಉಪಯೋಗವಿಲ್ಲ. ಒಡ್ಡಿಲ್ಲ, ಗಿಡವಿಲ್ಲ, ಕಲ್ಲಿಲ್ಲ, ಬಾವಿಯೂ ಹೂಳಿನಲ್ಲಿ ಮುಚ್ಚಿದೆ. ಎಲ್ಲಿ ನಿಂತರೂ ಬೂದಿ ಬಣ್ಣದ ಬಿರುಕು ನೆಲ. ನಾನು ಎಷ್ಟೋ ಬೇಸಗೆ ಹೋಗಿ ಎಡೆ ಹಿಡಿದುಕೊಂಡು ಸುತ್ತಾಡಿ, ಯಾವುದೋ ಒಂದು ಕಡೆ ಇಟ್ಟು ಬಂದಿದ್ದೆ. ಯಾರ ಹೊಲದಲ್ಲಿ ಇಟ್ಟೆನೋ.

ಹೊಸ ರುದ್ರಭೂಮಿಯಲ್ಲಿ ನನ್ನ ಜಾಗ ನಾನು ನೋಡಿಟ್ಟುಕೊಂಡಿದ್ದೇನೆ. ಅದರ ಪಕ್ಕಕ್ಕೆ ಅವನ ಮಣ್ಣು ಇಡಬೇಕು. ನಾನು ಹೋಗುವುದರೊಳಗೆ ಅವನನ್ನು ತರಬೇಕು, ಇಷ್ಟೇ ನನಗೆ ಉಳಿದಿದ್ದ ಕೆಲಸ. ಪ್ರೀತಿ ಎಂದು ತಿಳಿಯಬೇಡಿ. ಪಕ್ಕದಲ್ಲಿ ಅವನು ಮಲಗಿದ್ದು ರೂಢಿಯಾಗಿತ್ತು.

ಒಂದು ದಿನ ಅಕ್ಕೋರು ಕಂಬ ನೋಡಲು ಬಂದಾಗ ಇದನ್ನು ಹೇಳಿದೆ. ಮುಂದಿನ ಸಲ ಬಂದಾಗ ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದರು. ಅದರಲ್ಲಿ ಊರು ಮುಳುಗುವ ಮುಂಚೆ ಉಪಗ್ರಹ ತೆಗೆದ ಚಿತ್ರವಿತ್ತು. ಪ್ರಯೋಗಾಲಯದಲ್ಲಿ ಇಂಥ ಹಳೆಯ ಚಿತ್ರಗಳನ್ನು ಕೂಡಿಸಿಟ್ಟಿದ್ದರು, ಬಾದಾಮಿ ಗುಡ್ಡದ ಕೆಳಗೆ ಮುಚ್ಚಿಹೋದ ಕೆರೆಗಳನ್ನು ಹುಡುಕಿದ್ದು ಅವುಗಳಿಂದಲೇ. ನನಗೆ ಮೊದಲು ಏನೂ ಕಾಣಲಿಲ್ಲ. ಜೋಳ, ಸಜ್ಜೆ, ಎಳ್ಳು ಕಲಸಿ ಚೆಲ್ಲಿದ ಹಾಗಿತ್ತು. ಅವರು ಬೆರಳಿಟ್ಟು ತೋರಿಸುತ್ತ ಹೋದರು. ಹಳ್ಳದ ತಿರುವು ಸಿಕ್ಕಿತು. ಅಲ್ಲಿಂದ ಹನುಮಪ್ಪನ ಗುಡಿ. ಗುಡಿಯಿಂದ ನಮ್ಮ ಹೊಲದ ದಾರಿ. ಕಪ್ಪು ಚುಕ್ಕಿ ಎಂದರೆ ನಮ್ಮ ಹುಣಸೆಗಿಡ.

"ಯಜಮಾನ್ರದು ಎಲ್ಲಿ?" ಎಂದರು.

"ಗಿಡಕ್ಕೂ ಬಾವಿಗೂ ನಡುವ. ಬಾವಿಗೆ ಒಂದೀಟು ಹತ್ತರ."

"ಅತ್ತಿಯವರದು?"

"ಅವನ ಮಗ್ಗಲಕ್ಕ, ಎರಡು ಮಾರು. ಸತ್ತ ಮ್ಯಾಲೂ ಮಗನ್ನ ದೂರ ಬಿಟ್ಟಿಲ್ಲ ಆಕಿ."

ಅಕ್ಕೋರ ಮುಖ ಸಪ್ಪಗಾಯಿತು. ಕನ್ನಡಕ ತೆಗೆದರು. ಅಡುಗೆಮನೆಯಲ್ಲಿ ಆಕಾಶ ಕಾಣುವುದಿಲ್ಲ, ಅಟ್ಟ ನೋಡಿದರು. "ಕಷ್ಟ ಐತಿ ದೊಡ್ಡವ್ವಾ. ಆ ಕಾಲದ ಚಿತ್ರದಾಗ ಒಂದು ಚುಕ್ಕಿ ಅಂದ್ರ ನಿಮ್ಮ ಅಂಗಳದಷ್ಟು. ಅಂಗಳದಾಗ ಎಲ್ಲಿ ಅಂತ ಚಿತ್ರ ಹೇಳೂದಿಲ್ಲ. ನಾಕು ಮಾರು ಆಕಡೆ ಈಕಡೆ ಆಗತೈತಿ."

"ಅಂದ್ರ ಅವನ ಮಣ್ಣು ಅಂತ ಅತ್ತಿ ಮಣ್ಣು ಬಂದ್ರೂ ಬರಬಹುದು ಅಂದಂಗಾತು."

"ಬರಬಹುದು."

"ಆಕಿ ಜೋಡಿ ಬಾಳೇವು ಮಾಡಿದ್ದು ಸಾಕಾಗೈತ್ರಿ. ಸತ್ತ ಮ್ಯಾಲೂ ಪಕ್ಕಕ್ಕ ಹಾಕ್ಕೊಂಡು ಮಲಗಲೇನು?"

ಒಲೆಯ ಮುಂದಿದ್ದ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕದ್ದು ನನಗೆ ಕೇಳಿಸಿತು.

ನೀರು ಪೂರಾ ಇಳಿದ ಮೇಲೆ ಹೋದೆವು. ಸೊಸೆ ಎಡೆಗೆಂದು ರೊಟ್ಟಿ, ಪುಂಡಿಪಲ್ಯ, ಗೋದಿ ಬೆಲ್ಲದ ಮಾದಲಿ ಕಟ್ಟಿಕೊಟ್ಟಿದ್ದಳು. ಸ್ಲ್ಯಾಬಿನ ಮೇಲೆ ಇವತ್ತು ಏನೂ ಇಡಬೇಡ ಎಂದು ಅವಳಿಗೆ ಹೇಳಿ ಬಂದಿದ್ದೆ. ಜೀಪು ಹೋಗುವಷ್ಟು ಹೋಯಿತು, ಆಮೇಲೆ ನಡೆದೆವು. ಅಕ್ಕೋರ ಕೈಯಲ್ಲಿ ಕೋಲಿಗೆ ಕಟ್ಟಿದ ಯಂತ್ರ. "ನಿಮ್ಮನಿ ಮ್ಯಾಲಿನ ಕಂಬಾನ ನಮಗ ದಾರಿ ಹೇಳಾಕತ್ತೈತಿ ದೊಡ್ಡವ್ವಾ," ಎಂದರು. ಹೂಳಿನ ಮೇಲೆ ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು, ಯಂತ್ರ ನೋಡುವುದು, ಮತ್ತೆ ಒಂದು ಹೆಜ್ಜೆ ಹಿಂದೆ ಬರುವುದು. ನನ್ನ ಮೊಣಕಾಲು ನೋಯುತ್ತಿತ್ತು. ಕಡೆಗೆ ಒಂದು ಕಡೆ ಗೂಟ ಹೊಡೆದರು. ಗೂಟಕ್ಕೆ ಹಗ್ಗ ಕಟ್ಟಿ ಸುತ್ತು ತಿರುಗಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಕಣದಷ್ಟು ದೊಡ್ಡ ವೃತ್ತವಾಯಿತು.

"ಇದರೊಳಗ ಅದಾರ," ಎಂದರು.

"ಇದರೊಳಗ ಎಲ್ಲಿ?"

"ಅದು ನನಗ ಗೊತ್ತಿಲ್ಲ."

ನನಗೆ ರೇಗಿತು. "ಇಷ್ಟು ಬಿಸಲಾಗ ಕರಕೊಂಡು ಬಂದು ನನಗ ಹೊಲಾ ಕೊಡತೀರೇನು? ಒಂದು ಹಿಡಿ ಜಾಗಾ ತೋರಸ್ರಿ ಸಾಕು!"

ಮಾಬುಸಾಬ ಅವರ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದ. ನನ್ನ ಕಿವಿ ಇನ್ನೂ ಗಟ್ಟಿ ಇವೆ. "ಮೇಡಂ, ಗೂಟದ ಬುಡಾನ ತೋರಿಸಿ ಬಿಡ್ರಿ. ಮುದುಕಿ ಮನಸ್ಸು ತಣ್ಣಗಾಗಲಿ. ಯಾರು ಬಂದು ಕೇಳತಾರ?"

ಅಕ್ಕೋರು ನನ್ನ ಹತ್ತಿರ ಬಂದರು. "ದೊಡ್ಡವ್ವಾ, ನಾ ಒಂದು ಜಾಗಾ ತೋರಿಸಿದ್ರ ನೀವು ನಂಬತೀರಿ. ಅದಕ್ಕ ತೋರಸೂದಿಲ್ಲ."

ಹೇಳಿ ಬೂಟು ಬಿಚ್ಚಿದರು. ಗೆರೆಯ ಹೊರಗೆ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಬಂದು ನಿಂತರು. ನೆಲ ಹಂಚಿನಂತೆ ಕಾದಿತ್ತು. ನನ್ನ ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲದ ಹೆಣ್ಣುಮಗಳು ಇಡೀ ವೃತ್ತಕ್ಕೇ ಬೂಟು ಬಿಚ್ಚಿದ್ದಳು. ನಾನು ಇನ್ನೂ ಚಪ್ಪಲಿ ಮೆಟ್ಟಿದ್ದೆ.

ಚಪ್ಪಲಿ ಬಿಟ್ಟು ನಾನೂ ಒಳಗೆ ಹೋದೆ. ಎಡೆಯ ಗಂಟು ಕೈಯಲ್ಲಿತ್ತು. ಎಲ್ಲಿ ಇಡಲಿ? ಅಷ್ಟರಲ್ಲಿ ಚರಗ ನೆನಪಾಯಿತು. ಎಳ್ಳಮಾವಾಸ್ಯೆಯ ದಿನ ನಾವು ಹೊಲಕ್ಕೆ ಹೋಗಿ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲುವಾಗ ಭೂಮಿತಾಯಿ ಇಲ್ಲೇ ಕೂತಿದ್ದಾಳೆ ಎಂದು ಯಾರಾದರೂ ಬೆರಳು ಮಾಡಿ ತೋರಿಸುತ್ತಾರೆಯೇ? ಹೊಲದ ತುಂಬ ಚೆಲ್ಲುತ್ತೇವೆ, ಅವಳಿಗೆ ಮುಟ್ಟುತ್ತದೆ. ಗಂಟು ಬಿಚ್ಚಿದೆ. ರೊಟ್ಟಿ ಮುರಿದು ಮಾದಲಿಯಲ್ಲಿ ಕಲಸಿ, ಗೆರೆಯ ಈ ಕಡೆಯಿಂದ ಆ ಕಡೆಯ ತನಕ ಚೆಲ್ಲುತ್ತ ನಡೆದೆ.

"ಎಳ್ಳಮಾಸಿ ಇನ್ನೂ ಎಲ್ಲೈತಿ ದೊಡ್ಡವ್ವಾ?" ಎಂದ ಮಾಬುಸಾಬ.

"ಆವಾಗ ಇಲ್ಲಿ ನೀರಿರತೈತಿ. ನೀ ಈಸಿ ಬಂದು ಚೆಲ್ಲತಿ ಏನು?"

ಆಮೇಲೆ ಕುರ್ಪಿ ತೆಗೆದುಕೊಂಡು ಗೂಟದ ಬುಡದಲ್ಲಿ ಒಂದು ಹಿಡಿ, ಮೂಡಲಿಗೊಂದು ಹಿಡಿ, ಪಡುವಲಿಗೊಂದು, ಎಲ್ಲ ಕಡೆಯ ಮಣ್ಣನ್ನು ಕೆಬರಿ ತೆಗೆದೆ. ಅಕ್ಕೋರು ಬಟ್ಟೆ ಹಿಡಿದುಕೊಂಡು ನನ್ನ ಹಿಂದೆ ಹಿಂದೆ ಬಂದರು. ಎಲ್ಲವನ್ನೂ ಅದರಲ್ಲೇ ಹಾಕಿ ಕಲಸಿದೆ.

"ಅತ್ತಿಯವರೂ ಬಂದಿರಬಹುದ್ರಿ," ಎಂದರು ಅವರು. ಹೇಳದೇ ಇದ್ದರೆ ಆಗುತ್ತಿರಲಿಲ್ಲವೇ? ಅವರಿಂದ ಆಗುತ್ತಿರಲಿಲ್ಲ.

"ಬಂದ್ರ ಬರ್ಲಿ. ಮಣ್ಣಾದ ಮ್ಯಾಲೆ ಬಾಯಿ ಎಲ್ಲಿರತೈತಿ ಆಕಿಗೆ," ಎಂದೆ.

ಹೊಸ ರುದ್ರಭೂಮಿಯಲ್ಲಿ ನನ್ನ ಜಾಗದ ಪಕ್ಕಕ್ಕೆ ಆ ಮಣ್ಣು ಇಟ್ಟು ಕಲ್ಲು ಕೂಡಿಸಿದೆವು. ಸೊಸೆ ನೋಡಿ, "ಅತ್ತೀ, ನಾಳೆ ನನಗೂ ನಿಮ್ಮ ಪಕ್ಕಕ್ಕ ಜಾಗಾ ಮಾಡತಾರೇನು?" ಎಂದಳು. "ನಾಕು ಮಾರು ಆಕಡೆ ಮಾಡಿಸ್ಕೋ," ಎಂದೆ.

ಅಕ್ಕೋರು ನೌಕರಿಯಿಂದ ಇಳಿದ ದಿನ ನನ್ನನ್ನೂ ಕರೆದಿದ್ದರು. ಪ್ರಯೋಗಾಲಯ ಏನೇನು ಸಾಧಿಸಿತು ಎಂದು ಒಬ್ಬರು ನಿಂತು ಓದಿದರು. ಪ್ರವಾಹದ ನಕ್ಷೆ ಓದಿದರು, ಬಾದಾಮಿಯ ಕೆರೆ ಓದಿದರು. ನಮ್ಮ ದೇಶದ್ದೇ ಉಪಗ್ರಹಗಳ ಮಾತು ಹಿಡಿಯುವ ಯಂತ್ರ ಇಲ್ಲೇ ಮಾಡಿದ್ದು, ಇಲ್ಲಿ ಕಲಿತವರು ಎಲ್ಲೆಲ್ಲಿ ದೊಡ್ಡವರಾದರು, ಯಾವ ಯಾವ ಫಲಕ ಬಂತು, ಎಲ್ಲ ಓದಿದರು. ಓದುವವರು ಬೆವರಿದರು. ಅಕ್ಕೋರು ವೇದಿಕೆಯ ಮೇಲೆ ಕೂತು ಅಂಗೈ ತೂಗುತ್ತಿದ್ದರು, ಅಷ್ಟೇನಿಲ್ಲ, ಸ್ವಲ್ಪ ಆಕಡೆ ಈಕಡೆ ಎನ್ನುವಂತೆ. ಕಂಬದ ಮನೆಯವರು ಎಂದು ನನ್ನನ್ನೂ ಮೇಲೆ ಕರೆದರು.

ನಾನು ಹೇಳಿದ್ದು ಇಷ್ಟು: "ನೀರು ಯಾವಾಗ ಬರತೈತಿ ಅಂತ ನಮಗ ಹೇಳಿದವ್ರೆಲ್ಲ ಗೊತ್ತೈತಿ ಅಂತ ಹೇಳಿದ್ರು. ಬ್ಯಾರೆ ದಿನಾನ ಬಂತು. ಗೊತ್ತಿಲ್ಲ ಅಂತ ಹೇಳಿದಾಕಿ ಈಕಿ ಒಬ್ಬಾಕಿನ. ನನ್ನ ಗಂಡ ಸಿಕ್ಕ." ಜನ ನಕ್ಕರು. ಯಾಕೆ ನಕ್ಕರೋ ತಿಳಿಯಲಿಲ್ಲ, ಇಳಿದು ಬಂದೆ.

ಆಮೇಲೆ ಪ್ರಯೋಗಾಲಯಕ್ಕೆ ಹೊಸ ಕಂಬಗಳು ಬಂದವು, ನನ್ನ ಮನೆಯದನ್ನು ಕಿತ್ತು ಒಯ್ದರು. ತಗಡು ಮತ್ತೆ ಹಳೆಯ ಜಾಗಕ್ಕೆ ಬಂತು. ಸಂಡಿಗೆ ಈಗ ಒಂದೇ ದಿನಕ್ಕೆ ಒಣಗುತ್ತದೆ.

ಅವರು ದವಾಖಾನೆಯಲ್ಲಿದ್ದಾರೆ ಎಂದು ಮಾಬುಸಾಬ ಹೇಳಿದಾಗ ಬಾಗಲಕೋಟೆಗೆ ಹೋದೆ. ಸೊರಗಿದ್ದರು. ಕೂತು ಕಿಟಕಿ ನೋಡುತ್ತಿದ್ದರು. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ಎಷ್ಟು ದಿನಾ ಅಂದಾರ?"

"ಆರು ತಿಂಗಳಂತ."

"ಆಕಡೆ ಈಕಡೆ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಕ್ಕರು. "ಅದನ್ನ ಹೇಳಲಿಲ್ಲ ದೊಡ್ಡವ್ವಾ. ನಾ ಕೇಳಿದೆ. ಆರು ಅಂದ್ರ ಆರು ಅಂದ್ರು. ಹಂಗ ಹೇಳಬಾರದು."

ತಂದಿದ್ದ ಸಂಡಿಗೆಯ ಡಬ್ಬಿ ಕೊಟ್ಟೆ. ಕರಿದು ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಒಂದನ್ನು ಹಸಿಯದನ್ನೇ ಬಾಯಿಗೆ ಹಾಕಿಕೊಂಡು, "ಉಪ್ಪು ಸರಿ ಐತಿ," ಎಂದರು. ಮುಂದಿನ ಮಾತಿಗೆ ಕಾದೆ. ಹೇಳಲಿಲ್ಲ, ಅಂಗೈ ಮಾತ್ರ ತೂಗಿದರು.

ಆರು ತಿಂಗಳು ಆಗಲಿಲ್ಲ.

ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಗುಳೇದಗುಡ್ಡಕ್ಕೆ ಹೋದಾಗ ಮಣ್ಣು ಮಾಡಿ ಎಷ್ಟೋ ದಿನವಾಗಿ, ಮೇಲೆ ಒಂದು ದೊಡ್ಡ ಮಳೆಯೂ ಬಿದ್ದಿತ್ತು. ಅವರ ತಮ್ಮ, ಮಗ್ಗದ ಮೇಲಿಂದ ಎದ್ದು ಬಂದವರು, ನನ್ನನ್ನು ಮಣ್ಣಿನ ಜಾಗಕ್ಕೆ ಕರೆದುಕೊಂಡು ಹೋದರು. ಕಲ್ಲು ಇನ್ನೂ ಹಾಕಿಸಿರಲಿಲ್ಲ. ಅಲ್ಲಿ ಅಕ್ಕಪಕ್ಕದಲ್ಲಿ ಮೂರು ಹೊಸ ಗುಡ್ಡೆ, ಮಳೆಗೆ ಕರಗಿ ಮೂರೂ ಒಂದೇ ಥರ.

"ಇದ ನೋಡ್ರಿ," ಎಂದು ನಡುವಿನದನ್ನು ತೋರಿಸಿದರು.

"ಎಷ್ಟು ಆಕಡೆ ಈಕಡೆ?" ಎಂದೆ.

"ಎಂಥಾ ಆಕಡೆ ಈಕಡೆ ಅವ್ವಾರ? ನಾನ ನಿಂತು ಮಣ್ಣು ಮಾಡೇನಿ. ಇದ. ನೂರಕ್ಕ ನೂರು."

ಇನ್ನೊಮ್ಮೆ ಕೇಳಿದೆ. ಆಗ ಆ ತಮ್ಮನವರು ಎರಡು ಹೆಜ್ಜೆ ಹಿಂದೆ ಬಂದು, ಎಡಗಡೆಯದನ್ನು ನೋಡಿ, ನಡುವಿನದನ್ನು ನೋಡಿ, "ಇದ ಇರಬೇಕು" ಎಂದರು.

ನಾನು ಚಪ್ಪಲಿ ಬಿಟ್ಟೆ. ತಂದಿದ್ದ ಎಡೆಯ ಗಂಟು ಬಿಚ್ಚಿ, ಮೂರೂ ಗುಡ್ಡೆಗಳಿಗೆ ಸುತ್ತು ಹಾಕಿ, ಮಾದಲಿ ಚೆಲ್ಲುತ್ತ ನಡೆದೆ. ಉಳಿದ ಇಬ್ಬರು ಯಾರೋ, ಅವರಿಗೂ ಮುಟ್ಟಿತು. ಮುಟ್ಟಲಿ.